ಮೈದನಹಳ್ಳಿಯ ಬಯಲು, ಕಗ್ಗಲಡುವಿನ ಹುಣಸೆಮರ: ಹದಿಮೂರು ಜನರ ಒಂದು ದಿನ

ಯುಗಾದಿಗೆ ಮುಂಚಿನ ಭಾನುವಾರ. ಬೆಳಗಿನ ಜಾವ ನಾಲ್ಕೂವರೆಗೆ ತುಮಕೂರು ಬಿಟ್ಟೆವು. ಒಂದು ಟಿಟಿ ಗಾಡಿ, ಹದಿಮೂರು ಜನ, ಅದರಲ್ಲಿ ನಾಲ್ವರು ಮಕ್ಕಳು. ಇಷ್ಟು ಜನರನ್ನು ಕರ್ಕೊಂಡು ಪ್ರಾಣಿ ನೋಡೋಕೆ ಹೋದರೆ ಏನೂ ಕಾಣಲ್ಲ ಅಂತ ನಮ್ಮ ಭಾವ ಹೇಳಿದ್ದರು. ಆ ಮಾತು ನನ್ನ ತಲೆಯಲ್ಲಿ ಉಳಿದಿತ್ತು. ಹಾಗಾಗಿ ಹಿಂದಿನ ರಾತ್ರಿ ಎಲ್ಲರನ್ನೂ ಮನೆಗೆ ಕರೆಸಿ ಅರ್ಧ ಗಂಟೆ ಕೂರಿಸಿಕೊಂಡೆ.

ಹಾಡು ಹಾಕುವ ಹಾಗಿಲ್ಲ. ಕೆಂಪು, ಬಿಳಿ ಬಟ್ಟೆ ಬೇಡ. ಕಿಟಕಿ ಪಕ್ಕದ ಸೀಟು ಅರ್ಧ ಗಂಟೆಗೊಮ್ಮೆ ಬದಲಾಗಬೇಕು. ಏನಾದರೂ ಕಂಡರೆ 'ಅಲ್ನೋಡು, ಅಲ್ನೋಡು' ಅನ್ನಬಾರದು, ಗಡಿಯಾರದ ಲೆಕ್ಕದಲ್ಲಿ ಹೇಳಬೇಕು. ಗಾಡಿಯ ಮೂತಿ ಹನ್ನೆರಡು ಗಂಟೆ, ಬಲಗಡೆ ಮೂರು, ಎಡಗಡೆ ಒಂಬತ್ತು. ಇದನ್ನು ಮಕ್ಕಳು ಎಷ್ಟು ಬೇಗ ಕಲಿತರು ಅಂದರೆ, ಹೊರಟ ಮೇಲೆ ದೊಡ್ಡವರನ್ನು ಅವರೇ ತಿದ್ದುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ ಡ್ರೈವರ್ ಅಣ್ಣನ ಜೊತೆ ಬೇರೆಯಾಗಿ ಕೂತು ಮಾತಾಡಿದೆ. ನಿಲ್ಲಿಸಿ ಅಂದಾಗ ಗಕ್ಕನೆ ಬ್ರೇಕ್ ಹಾಕಬಾರದು, ನಿಧಾನಕ್ಕೆ ನಿಲ್ಲಿಸಿ ಇಂಜಿನ್ ಆರಿಸಬೇಕು. ಆ ದಿನ ನಾವು ಕಂಡಿದ್ದರಲ್ಲಿ ಅರ್ಧದಷ್ಟು ಅವರಿಂದಲೇ ಕಂಡಿದ್ದು.

ಕತ್ತಲಲ್ಲಿ ಕೊರಟಗೆರೆ, ಮಧುಗಿರಿ ದಾಟಿದೆವು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ನದಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ನಾವು ಹೊರಟಿದ್ದೂ ಆ ಕಡೆಗೇ. ಮೈದನಹಳ್ಳಿಯ ಕೃಷ್ಣಮೃಗ ಸಂರಕ್ಷಣಾ ಮೀಸಲಿಗೆ ಇಟ್ಟಿರುವುದು ಈ ನದಿಯ ಹೆಸರನ್ನೇ. 2007ರಲ್ಲಿ ಘೋಷಣೆಯಾದ ಈ ಜಾಗ ಬರೀ 798 ಎಕರೆ. ಅರಣ್ಯ ಇಲಾಖೆಯವರಿಗೆ ಮೊದಲೇ ಹೇಳಿ ಅನುಮತಿ ಪಡೆದಿದ್ದೆ.

ಆರೂವರೆಗೆ ಅಲ್ಲಿದ್ದೆವು. ಮೊದಲ ಸಲ ಬಂದವರ ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು. ಕಾಡು ಅಂದರೆ ದಟ್ಟ ಮರ ಇರಬೇಕು ಅಂತ ನಮ್ಮೆಲ್ಲರ ಮನಸ್ಸಿನಲ್ಲಿ ಕೂತುಬಿಟ್ಟಿದೆ ಅಲ್ವಾ? ಇಲ್ಲಿರುವುದು ಒಣಗಿದ ಹುಲ್ಲು, ಅಲ್ಲಲ್ಲಿ ಜಾಲಿ, ಒಂದು ಕಡೆ ನೀಲಗಿರಿ ತೋಪು. ಆದರೆ ಕೃಷ್ಣಮೃಗಕ್ಕೆ ಬೇಕಾಗಿರುವುದು ಇಂಥ ಬಯಲೇ. ದೂರದಿಂದಲೇ ಅಪಾಯ ಕಾಣಬೇಕು, ಕಂಡ ತಕ್ಷಣ ಓಡಬೇಕು. ಹುಲ್ಲುಗಾವಲನ್ನು ಪಾಳು ಜಾಗ ಅಂದುಕೊಂಡು ಮರ ನೆಟ್ಟರೆ ಅದರ ಮನೆಯನ್ನೇ ಕಿತ್ತುಕೊಂಡ ಹಾಗೆ.

ಮೊದಲು ಕಂಡಿದ್ದು ಒಂಟಿ ಗಂಡು. ಬೆನ್ನು ಅಪ್ಪಟ ಕಪ್ಪು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿ ಉಂಗುರ, ತಿರುಚಿದ ಕೊಂಬು. ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕಿ ಗುಡ್ಡೆ ಮಾಡಿತ್ತು. ಇದು ನನ್ನ ಜಾಗ ಅಂತ ಬೇರೆ ಗಂಡುಗಳಿಗೆ ಹೇಳುವ ರೀತಿ ಅದು. ಅದರಾಚೆ ಕಂದು ಬಣ್ಣದ ಹೆಣ್ಣುಗಳು, ಮರಿಗಳು. ಎಣಿಸುತ್ತಾ ಮೂವತ್ತೆರಡಕ್ಕೆ ಬಂದಿದ್ದೆ.

ಅಷ್ಟರಲ್ಲಿ ನಮ್ಮವರೊಬ್ಬರು ಫೋಟೊ ಹತ್ತಿರದಿಂದ ಬರಲಿ ಅಂತ ಹುಲ್ಲಿನೊಳಗೆ ನಡೆದೇಬಿಟ್ಟರು. ಒಂದು ಹೆಣ್ಣು ತಲೆ ಎತ್ತಿತು. ನಾಲ್ಕೂ ಕಾಲು ಮೇಲೆತ್ತಿ ಗಾಳಿಯಲ್ಲಿ ನೆಗೆಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನೋಡ್ತಾ ನೋಡ್ತಾ ಇಡೀ ಹಿಂಡು ಮಾಯ. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಹೊಟ್ಟೆ ತೊಳಸಿದ ಹಾಗಾಯಿತು. ಹಿಂಡಿನಲ್ಲಿ ಪುಟ್ಟ ಪುಟ್ಟ ಮರಿಗಳಿದ್ದವು. ನಮ್ಮಿಂದಾಗಿ ಅವು ಸುಮ್ನೆ ಓಡಬೇಕಾಯಿತು.

ಬೈಯಲಿಲ್ಲ. ಎಲ್ಲರೂ ಗಾಡಿಯೊಳಗೆ ಬಂದು ಕೂತೆವು, ಇಂಜಿನ್ ಆರಿಸಿ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಮಕ್ಕಳು ಸುಮ್ಮನಿರುತ್ತಾರೆ ಅಂತ ನಾನೂ ಅಂದುಕೊಂಡಿರಲಿಲ್ಲ. ಟಿಟ್ಟಿಭ ಕೂಗಿ ಕೂಗಿ ಕೊನೆಗೆ ಸುಮ್ಮನಾಯಿತು. ಹಿಂಡು ತಾನಾಗಿಯೇ ತಿರುಗಿ ಬಂತು, ಮೊದಲಿಗಿಂತ ಹತ್ತಿರಕ್ಕೆ. ಫೋಟೊಗೆ ಓಡಿದವರು ಆಗ ಕ್ಯಾಮೆರಾ ತೊಡೆ ಮೇಲಿಟ್ಟುಕೊಂಡು ಬರೀ ನೋಡುತ್ತಿದ್ದರು.

ಹೊರಗೆ ಬರುವಾಗ ಹೊಲದ ಬದುವಿನಲ್ಲಿ ಒಬ್ಬ ರೈತರು ಸಿಕ್ಕಿದರು. 'ನೋಡೋಕೆ ಚೆಂದ ಕಣಕ್ಕ. ಕಡ್ಲೆಕಾಯಿ ಹಾಕಿದಾಗ ಬಂದು ಮೇದ್ಬಿಡ್ತವೆ, ಆಗ ಗೊತ್ತಾಯ್ತದೆ ನಮ್ ಪಾಡು' ಅಂದರು. ಆದರೂ ಯಾರಾದರೂ ಬೇಟೆಗೆ ಬಂದರೆ ಬಿಡಲ್ಲ ಅಂತಲೂ ಹೇಳಿದರು. ಇವರ ಮಾತು ಕೇಳದೆ ಬರೀ ಜಿಂಕೆ ನೋಡಿಕೊಂಡು ಬಂದಿದ್ದರೆ ನಮಗೆ ಅರ್ಧ ಕಥೆ ಮಾತ್ರ ಗೊತ್ತಿರುತ್ತಿತ್ತು.

ಮಧುಗಿರಿಯಲ್ಲಿ ತಟ್ಟೆ ಇಡ್ಲಿ ತಿಂದು ಶಿರಾ ಕಡೆ ಹೊರಟೆವು. ಕರೆಂಟ್ ತಂತಿ ಮೇಲೆ ಎರಡು ಕಡೆ ನೀಲಕಂಠ ಕೂತಿತ್ತು. ಅದು ರೆಕ್ಕೆ ಬಿಚ್ಚಿದಾಗ ಕಾಣುವ ನೀಲಿ ಎಷ್ಟು ಸಲ ನೋಡಿದರೂ ಸಾಲದು. ಮುಂದೆ ಒಂದು ತಿರುವಿನಲ್ಲಿ ಪುನುಗಿನ ಬೆಕ್ಕು ಗಾಡಿಗೆ ಸಿಕ್ಕಿ ಸತ್ತು ಬಿದ್ದಿತ್ತು. ಡ್ರೈವರ್ ಅಣ್ಣ ಇಳಿದು ಕೋಲಿನಿಂದ ಅದನ್ನು ಪೊದೆಯಾಚೆ ಸರಿಸಿದರು. ರಸ್ತೆ ಮೇಲೇ ಬಿಟ್ಟರೆ ತಿನ್ನೋಕೆ ಬರುವ ಕಾಗೆ, ಹದ್ದು, ನಾಯಿಗಳೂ ಸಾಯುತ್ತವೆ. ದಾರಿಯಲ್ಲಿ ಕಂಡ ಪ್ರಾಣಿ, ಹಕ್ಕಿಗಳ ಪಟ್ಟಿ ಬರೆಯುತ್ತಿದ್ದ ಹುಡುಗಿ, 'ಆಂಟಿ, ಸತ್ತಿರೋದನ್ನೂ ಬರೀಬೇಕಾ?' ಅಂದಳು. ಬರಿ ಪುಟ್ಟ, ಜಾಗದ ಹೆಸರನ್ನೂ ಬರಿ ಅಂದೆ.

ಶಿರಾ ತಾಲ್ಲೂಕಿನ ಕಗ್ಗಲಡು ತಲುಪಿದಾಗ ಮಧ್ಯಾಹ್ನ ಹನ್ನೆರಡಾಗಿತ್ತು. ಪ್ರಾಣಿ ನೋಡೋಕೆ ಸರಿಯಾದ ಹೊತ್ತಲ್ಲ ಅಂತ ಅನ್ನಿಸಬಹುದು. ಆದರೆ ಗೂಡು ನೋಡೋಕೆ ಬಿಸಿಲು ಹೊತ್ತೇ ವಿಶೇಷ. ಊರೊಳಗಿನ ಹುಣಸೆಮರಗಳ ತುದಿಯಲ್ಲಿ ಬಣ್ಣದ ಕೊಕ್ಕರೆಗಳು. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ. ಒಂದೊಂದು ಗೂಡಿನಲ್ಲೂ ತಾಯಿಯೋ ತಂದೆಯೋ ರೆಕ್ಕೆ ಅಗಲಿಸಿ ನಿಂತಿತ್ತು, ಕೊಡೆ ಹಿಡಿದ ಹಾಗೆ. ನೆರಳಲ್ಲಿ ಬಿಳಿ ಮರಿಗಳು. ದೊಡ್ಡ ಹಕ್ಕಿಗಳಿಗೆ ಹೆಚ್ಚು ಸ್ವರವಿಲ್ಲ, ಕೊಕ್ಕು ಟಕಟಕ ಬಡಿಯುತ್ತವೆ. ಗಲಾಟೆಯೆಲ್ಲ ಮರಿಗಳದ್ದು. ಮೀನು ನುಂಗಿ ಬಂದ ಹಕ್ಕಿ ಗೂಡಿನಲ್ಲಿ ಕಕ್ಕಿದಾಗ ಅವು ಮುಗಿಬೀಳುವುದನ್ನು ನೋಡಬೇಕು. ಪಕ್ಕದ ಮರದಲ್ಲಿ ಬೂದು ಬಕಗಳೂ ಇದ್ದವು.

ಮರದ ಕೆಳಗಿನ ಮನೆಯ ಅಜ್ಜಿ ನೀರು ಕೊಟ್ಟರು. ಅಂಗಳವೆಲ್ಲ ಹಿಕ್ಕೆ, ಮೀನಿನ ವಾಸನೆ ಬೇರೆ. ನಿಮಗೆ ತೊಂದರೆ ಆಗಲ್ವಾ ಅಜ್ಜಿ ಅಂತ ಕೇಳಿದೆ. 'ಬಾಣಂತಿ ಬಂದವ್ಳೆ ಅಂದ್ರೆ ಮನೆಯಿಂದ ಆಚೆಗ್ ಹಾಕ್ತೀವಾ ಕಣವ್ವ? ಹಕ್ಕಿ ಕೂತಿರೋ ಮರದ ಹಣ್ಣು ನಾವು ಬಡಿಯಲ್ಲ' ಅಂದರು. ಕೆರೆಯಲ್ಲಿ ನೀರಿದ್ದ ವರ್ಷ ಹಕ್ಕಿ ಜಾಸ್ತಿ ಬರ್ತವೆ ಅಂತಲೂ ಹೇಳಿದರು. ಈ ಊರನ್ನು 1999ರಲ್ಲಿ ಹೊರಗಿನವರಿಗೆ ಪರಿಚಯಿಸಿದ್ದು ನಮ್ಮ ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನವರು. ಆದರೆ ಹಕ್ಕಿಗಳನ್ನು ದಿನಾ ಕಾಯುತ್ತಿರುವವರು ಈ ಅಜ್ಜಿಯಂಥವರು. ನಾವು ಅಲ್ಲಿ ಎರಡು ಗಂಟೆ ಇದ್ದೆವು. ಅಲ್ಲಿಂದ ಬೇರೆಲ್ಲೂ ನಿಲ್ಲದೆ ಹೆದ್ದಾರಿ ಹಿಡಿದು ಮನೆಗೆ ಬಂದೆವು.

ಮುಂದಿನ ಸಲ ಎರಡು ಬದಲಾವಣೆ ಮಾಡುತ್ತೇನೆ. ಮೈದನಹಳ್ಳಿಯ ವೀಕ್ಷಣಾ ಗೋಪುರಕ್ಕೆ ಹದಿಮೂರೂ ಜನ ಒಟ್ಟಿಗೆ ಹತ್ತುವುದಿಲ್ಲ, ಆರಾರು ಜನರಂತೆ ಹೋಗುತ್ತೇವೆ, ಉಳಿದವರು ಗಾಡಿಯಲ್ಲೇ ಇರುತ್ತಾರೆ. ಇನ್ನೊಂದು, ಕಗ್ಗಲಡುಗೆ ಮಳೆಗಾಲ ಹಿಡಿಯುವ ಹೊತ್ತಿಗೆ ಮತ್ತೆ ಹೋಗಬೇಕು. ಆಗ ಈ ಮರಿಗಳು ಹಾರೋಕೆ ಕಲಿತಿರುತ್ತವೆ. ಪಟ್ಟಿ ಬರೆದ ಹುಡುಗಿ ಈಗಲೇ ಕಿಟಕಿ ಸೀಟು ಕೇಳಿಟ್ಟಿದ್ದಾಳೆ.