ಮಗಳ ಜೀವನಾಂಶ ಸಂಬಳದಿಂದಲೇ ಬರುವಂತೆ ಮಾಡಿದೆ

ಹದಿನಾಲ್ಕು ತಿಂಗಳಿಂದ ಮಗಳ ಅಪ್ಪನ ಸಂಬಳದಿಂದ ದುಡ್ಡು ತಪ್ಪದೆ ಬರುತ್ತಿದೆ. ತಿಂಗಳಿಗೆ 14,000. ಅದರಲ್ಲಿ 8,000 ಆಯಾ ತಿಂಗಳದು, ಉಳಿದದ್ದು ಹಳೇ ಬಾಕಿ. ಇದು ಆಗುವ ಮಾತಲ್ಲ ಅಂತ ಎಲ್ಲರೂ ಹೇಳಿದ್ದರು. "ಬಿಡಮ್ಮಾ, ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ" ಅಂತ ಅಣ್ಣನೇ ಅಂದಿದ್ದ.

ಜೀವನಾಂಶ ಕೊಡಬೇಕು ಅಂತ ಕೋರ್ಟ್ ಆದೇಶ ಆದದ್ದು 2021ರಲ್ಲಿ. ಮಗಳ ಅಪ್ಪ ಮೂರು ತಿಂಗಳು ಕೊಟ್ಟರು, ಆಮೇಲೆ ನಿಲ್ಲಿಸಿದರು. ನಾನು ಸುಮ್ನೆ ಕಾದೆ. ಹಿರಿಯರು ಮಾತಾಡಿಸುತ್ತಾರೆ ಅಂದುಕೊಂಡೆ. ಅದೇ ನನ್ನ ದೊಡ್ಡ ತಪ್ಪು. ಬಾಕಿ ವಸೂಲಿಗೆ ಕೋರ್ಟಿನ ವಾರಂಟ್ ಬೇಕಿದ್ದರೆ ಹಣ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕಲ್ವಾ? ನಾನು ಹೋದದ್ದು ಹದಿನಾರು ತಿಂಗಳಿಗೆ. ಮೊದಲ ನಾಲ್ಕು ತಿಂಗಳದು, ಅಂದರೆ 32,000 ರೂಪಾಯಿ, ಅರ್ಜಿಯಿಂದ ಬಿಟ್ಟೇಹೋಯಿತು. ಆ ದುಡ್ಡಲ್ಲಿ ಮಗಳ ಒಂದು ವರ್ಷದ ಫೀಸು ಆಗುತ್ತಿತ್ತು. ಈಗ ಹತ್ತು ತಿಂಗಳಿಗೊಮ್ಮೆ ಬಾಕಿ ಲೆಕ್ಕ ಹಾಕಿ ಅರ್ಜಿ ಕೊಟ್ಟುಬಿಡುತ್ತೇನೆ.

ವಾರಂಟ್ ಮೂರು ಸಲ ವಾಪಸ್ ಬಂತು. "ವಿಳಾಸದಲ್ಲಿ ಇಲ್ಲ" ಅಂತ ಷರಾ. ನಾನಿರುವುದು ತುಮಕೂರು, ಅವರ ಕೆಲಸ ಬೆಂಗಳೂರಲ್ಲಿ. ಒಂದು ಸಲ ಕೋರ್ಟಿಗೆ ಕೇಳಿಕೊಂಡು ವಾರಂಟನ್ನು ನಾನೇ ಠಾಣೆಗೆ ಒಯ್ದೆ. ಎರಡು ದಿನದ ಹೊಲಿಗೆ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. ಜೈಲಿನ ಮಾತು ಬಂದಾಗ ಮಾತ್ರ ಎರಡು ತಿಂಗಳದು ಕಟ್ಟಿ ಹೋದರು. ಒಂದು ತಿಂಗಳು ಒಳಗಿದ್ದು ಬಂದರೆ ಬಾಕಿ ತೀರಿತು ಅಂತ ಯಾರೋ ಅವರಿಗೆ ಹೇಳಿದ್ದರಂತೆ. ತೀರಲ್ಲ. ಸುಪ್ರೀಂ ಕೋರ್ಟ್ 1989ರಲ್ಲೇ ಅದನ್ನು ಹೇಳಿಬಿಟ್ಟಿದೆ.

ಕೊನೆಗೆ ದಾರಿ ಬದಲಿಸಿದೆ. ಜೀವನಾಂಶದ ಆದೇಶವನ್ನು ಸಿವಿಲ್ ಡಿಕ್ರಿಯ (ಸಿವಿಲ್ ಕೋರ್ಟಿನ ತೀರ್ಪಿನ) ಹಾಗೆ ಜಾರಿ ಮಾಡಬಹುದು ಅಂತ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಾಗಿದೆ. ಅದನ್ನೇ ಹಿಡಿದು ಸಂಬಳ ಜಪ್ತಿಗೆ ಅಮಲ್ಜಾರಿ ಅರ್ಜಿ, ಅಂದರೆ ಆದೇಶ ಜಾರಿ ಮಾಡಿಸುವ ಅರ್ಜಿ, ಹಾಕಿದೆ. ನಮ್ಮ ವಕೀಲರಿಗೇ ಅನುಮಾನವಿತ್ತು. ಸಾಮಾನ್ಯ ಸಾಲಕ್ಕೆ ಸಂಬಳ ಹಿಡಿಯುವುದು ಕಷ್ಟ. ಜೀವನಾಂಶದ ಡಿಕ್ರಿಯಾದರೆ ಸಂಬಳದ ಮೂರನೇ ಒಂದು ಭಾಗ ಅವರಿಗೆ ಉಳಿಸಿದರೆ ಸಾಕು, ಮಿಕ್ಕದ್ದನ್ನು ಹಿಡಿಯಬಹುದು. ಅಫಿಡವಿಟ್‌ನಲ್ಲಿ (ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲಿ) ಅವರು ಬರೆದ ಸಂಬಳ 25,000. ಕಂಪನಿಯಿಂದ ಬಂದ ಕಾಗದದಲ್ಲಿ ಇದ್ದದ್ದು 42,000 ಚಿಲ್ಲರೆ.

ಕಂಪನಿ ಹೆಸರು ಹೇಗೆ ಗೊತ್ತಾಯಿತು ಅಂತ ಇಲ್ಲಿ ಬರೆಯಲ್ಲ. ಬರೆದರೆ ಆ ಕಡೆಯವರೂ ಓದುತ್ತಾರೆ. ನಡುವೆ ಒಮ್ಮೆ ಕೆಲಸ ಬಿಟ್ಟು ಬೇರೆ ಕಡೆ ಸೇರಿದರು. ಇಪ್ಪತ್ತು ದಿನದೊಳಗೆ ಹೊಸ ಕಂಪನಿಯ ಹೆಸರು ಕೋರ್ಟಿನ ಮುಂದಿಟ್ಟೆ. ಇದು ಎಲ್ಲರ ಕೈಲೂ ಆಗುವ ಕೆಲಸವಲ್ಲ.

ನಡುವೆ ಇನ್ನೊಂದು ಪ್ರಯತ್ನ ಮಾಡಿದ್ದೆ. ದುಡ್ಡು ಕೈಗೆ ಬೇಡ, ಸ್ಕೂಲಿಗೇ ಕಟ್ಟಿ ಅಂದೆ. ಅವರು ಒಪ್ಪಿದರು, ಕಟ್ಟಲಿಲ್ಲ. ಹಾಲ್ ಟಿಕೆಟ್ ಕೊಡಲ್ಲ ಅಂದಾಗ ಮಗಳು ಅತ್ತಳು. ಆಮೇಲೆ ಬ್ಯಾಂಕ್ ಖಾತೆ ಬಿಟ್ಟು ಬೇರೆ ಯಾವುದಕ್ಕೂ ಒಪ್ಪಲಿಲ್ಲ. ಪಾಸ್‌ಬುಕ್‌ಗಿಂತ ಒಳ್ಳೆ ಸಾಕ್ಷಿ ಬೇರೆ ಇಲ್ಲ.

ವಕೀಲರ ಫೀಸು, ಓಡಾಟ, ಕೂಲಿ ಎಲ್ಲಾ ಸೇರಿ 40,000 ಖರ್ಚಾಗಿರಬೇಕು. ಬಾಕಿ 1.9 ಲಕ್ಷದಷ್ಟಿತ್ತು. ಇನ್ನು ಒಂದು ಲಕ್ಷದ ಆಸುಪಾಸು ಬರಬೇಕು. ಮಗಳು ಈಗ ಏಳನೇ ಕ್ಲಾಸು. 8,000 ಸಾಲುತ್ತಿಲ್ಲ. ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಂ ಪ್ರಕಾರ ಮೊತ್ತ ಹೆಚ್ಚಿಸಲು ಅರ್ಜಿ ಹಾಕಿದ್ದೇನೆ. ಮುಂದಿನ ತಿಂಗಳು ವಾಯಿದೆ ಇದೆ.