ಮ್ಯೂನಿಕ್‌ಗೆ ಓದಲು ಬರುವವರಿಗೆ: ಮೊದಲು ಮನೆ, ಮಿಕ್ಕಿದ್ದು ಆಮೇಲೆ

ಅಡ್ಮಿಷನ್ ಸಿಕ್ಕ ಕೂಡಲೇ ಎಲ್ಲರೂ ಜಾಕೆಟ್, ಕುಕ್ಕರ್, ಸಾರಿನಪುಡಿ ಅಂತ ಪಟ್ಟಿ ಹಿಡಿದು ಕೂರುತ್ತಾರೆ. ಅವೆಲ್ಲ ಇಲ್ಲೂ ಸಿಗುತ್ತವೆ. ಸುಲಭಕ್ಕೆ ಸಿಗದೇ ಇರುವುದು ಮನೆ. ಇರುವ ಶಕ್ತಿಯನ್ನೆಲ್ಲ ಮೊದಲು ಅದಕ್ಕೇ ಹಾಕಿ.

ವಿದ್ಯಾರ್ಥಿ ಹಾಸ್ಟೆಲ್‌ಗಳನ್ನು ನೋಡಿಕೊಳ್ಳುವುದು ಸ್ಟುಡಿಯರೆಂಡನ್‌ವೆರ್ಕ್. ಅಡ್ಮಿಷನ್ ಪತ್ರ ಬಂದ ದಿನವೇ ಅಲ್ಲಿ ಅರ್ಜಿ ಹಾಕಿ. ಸರದಿ ಉದ್ದ ಇರುತ್ತದೆ, ಬಂದ ತಕ್ಷಣ ರೂಮ್ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಹೆಚ್ಚಿನವರು ಮೊದಲು ವೇಗೇಯಲ್ಲಿ, ಅಂದರೆ ಮೂರ್ನಾಲ್ಕು ಜನ ಅಡುಗೆಮನೆ ಹಂಚಿಕೊಂಡಿರುವ ಮನೆಯಲ್ಲಿ ಇರುತ್ತಾರೆ. ಅಲ್ಲಿ ರೂಮ್ ಕೇಳುವಾಗ ಒಂದೇ ಮೆಸೇಜನ್ನು ಐವತ್ತು ಜನಕ್ಕೆ ಕಳಿಸಿದರೆ ಯಾರೂ ಉತ್ತರ ಕೊಡುವುದಿಲ್ಲ. ನೀವು ಯಾರು, ಏನು ಓದುತ್ತೀರಿ, ಅಡುಗೆ ಮಾಡ್ತೀರಾ, ಪಾತ್ರೆ ತೊಳೆದಿಡ್ತೀರಾ, ಇದನ್ನು ನಾಲ್ಕು ಸಾಲಲ್ಲಿ, ತಪ್ಪಾದರೂ ಸರಿ, ಜರ್ಮನ್‌ನಲ್ಲಿ ಬರೆಯಿರಿ. ನಿಮ್ಮ ಕಾಲೇಜು ಊರಾಚೆಯ ಗಾರ್ಷಿಂಗ್‌ನಲ್ಲಿದ್ದರೆ ಊರೊಳಗೇ ಮನೆ ಬೇಕು ಅಂತ ಹಟ ಬೇಡ. ಯು6 ರೈಲಿನ ದಾರಿಯಲ್ಲಿ ಎಲ್ಲಿ ಸಿಕ್ಕರೂ ಆಯಿತು. "ನಾನು ಸದ್ಯ ವಿದೇಶದಲ್ಲಿದ್ದೇನೆ, ದುಡ್ಡು ಕಳಿಸಿ, ಕೀ ಕೊರಿಯರ್ ಮಾಡ್ತೀನಿ" ಅನ್ನುವ ಮಾಲೀಕ ಸಿಕ್ಕರೆ ಅಲ್ಲೇ ಕೈಮುಗಿಯಿರಿ. ಅದು ಮೋಸ. ಅಡ್ವಾನ್ಸ್ ಬೆಂಗಳೂರಿನ ಹಾಗೆ ಹತ್ತು ತಿಂಗಳದ್ದು ಕೇಳುವ ಹಾಗಿಲ್ಲ. ಹೀಟಿಂಗ್, ನೀರಿನ ಖರ್ಚು ಬಿಟ್ಟ ಬಾಡಿಗೆಯ ಮೂರು ತಿಂಗಳಷ್ಟೇ ಕಾನೂನಿನ ಮಿತಿ. ಅದನ್ನೂ ಮೂರು ಕಂತಲ್ಲಿ ಕಟ್ಟಬಹುದು.

ಇನ್ನೊಂದು ವಿಷಯವನ್ನು ಟಿಕೆಟ್ ಬುಕ್ ಮಾಡುವ ಮುಂಚೆಯೇ ಯೋಚಿಸಿ. ಸೆಪ್ಟೆಂಬರ್ ಮೂರನೇ ವಾರದ ಹೊತ್ತಿಗೆ ಒಕ್ಟೋಬರ್‌ಫೆಸ್ಟ್, ಅಂದರೆ ಇಲ್ಲಿನ ದೊಡ್ಡ ಬಿಯರ್ ಜಾತ್ರೆ ಶುರುವಾಗುತ್ತದೆ, ಅಕ್ಟೋಬರ್ ಮೊದಲ ವಾರದವರೆಗೂ ನಡೆಯುತ್ತದೆ. ನೀವು ಬಂದಿಳಿಯುವುದೂ ಸರಿಯಾಗಿ ಆಗಲೇ. ಆ ದಿನಗಳಲ್ಲಿ ಪ್ರವಾಸಿಗಳು ತಂಗುವ ಸಾಧಾರಣ ಹಾಸ್ಟೆಲಿನ ಮಂಚಕ್ಕೂ ಕೇಳಬಾರದಷ್ಟು ದುಡ್ಡು ಕೇಳುತ್ತಾರೆ. ಆಗಸ್ಟ್ ಕೊನೆಗೆ ಬರಲು ಆದರೆ ಬಂದುಬಿಡಿ.

ಮನೆಗೆ ಇಷ್ಟು ಒತ್ತು ಕೊಡಲು ಕಾರಣ ಇದೆ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮಾಲೀಕರು ಸಹಿ ಮಾಡಿಕೊಟ್ಟ ಒಂದು ಹಾಳೆ ಬೇಕೇ ಬೇಕು, ಬಾಡಿಗೆ ಕರಾರುಪತ್ರ ಸಾಲದು. ಆ ಹಾಳೆ ಕೊಡೋದಿಲ್ಲ ಅನ್ನುವ ಮನೆ ಎಷ್ಟೇ ಅಗ್ಗವಾದರೂ ಬೇಡ. ತೆರಿಗೆ ನಂಬರ್, ವೀಸಾ ಮುಂದುವರಿಸುವುದು ಎಲ್ಲ ಈ ನೋಂದಣಿಯ ಹಿಂದೆಯೇ ಬರುತ್ತವೆ. ನೋಂದಣಿ ಕಚೇರಿಯ ಅಪಾಯಿಂಟ್‌ಮೆಂಟ್ ತಡವಾಗಿ ಸಿಕ್ಕರೆ, ಸಮಯಕ್ಕೇ ಕೇಳಿದ್ದಿರಿ ಅಂತ ತೋರಿಸಲು ಬುಕ್ ಮಾಡಿದ ಇಮೇಲ್ ಜೋಪಾನವಾಗಿಡಿ.

ಇನ್ನು ಅಂಚೆಪೆಟ್ಟಿಗೆ. ಇಲ್ಲಿ ಫ್ಲ್ಯಾಟ್ ನಂಬರ್ ನೋಡಿ ಪತ್ರ ಹಾಕುವ ಪದ್ಧತಿ ಇಲ್ಲ, ಪೆಟ್ಟಿಗೆ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ವಾಪಸ್. ಬ್ಯಾಂಕ್ ಕಾರ್ಡು, ಅದರ ಪಿನ್, ವಿಮೆಯ ಕಾರ್ಡು ಎಲ್ಲ ಅಂಚೆಯಲ್ಲೇ ಬರುವುದು. ನಮ್ಮವರಿಗೆ ತೊಡಕಾಗೋದು ಇಲ್ಲೇ. ಒಬ್ಬರ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಸರ್‌ನೇಮ್ ಆಗಿರುತ್ತದೆ, ಇನ್ನೊಬ್ಬರದ್ದರಲ್ಲಿ ಅಪ್ಪನ ಹೆಸರು, ಮತ್ತೊಬ್ಬರದ್ದರಲ್ಲಿ ಆ ಜಾಗವೇ ಖಾಲಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಎಲ್ಲ ಫಾರಂಗಳಲ್ಲೂ ಒಂದೇ ಥರ ಬರೆಯಿರಿ. ಚೀಟಿಯಲ್ಲಿ ಅದೇ ಹೆಸರು ಬರೆದು ಮೊದಲ ದಿನವೇ ಪೆಟ್ಟಿಗೆಗೂ ಕಾಲಿಂಗ್ ಬೆಲ್‌ಗೂ ಅಂಟಿಸಿ. ಸ್ವಲ್ಪ ದಿನಕ್ಕೆ ರೇಡಿಯೋ-ಟಿವಿ ಶುಲ್ಕದ ಪತ್ರವೂ ಬರುತ್ತದೆ, ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಅಂತ ಹರಿದು ಬಿಸಾಡಬೇಡಿ. ಅದು ಮನೆಗೊಂದು ಶುಲ್ಕ, ಜೊತೆಗಿರುವವರ ಜೊತೆ ಹಂಚಿಕೊಳ್ಳಿ.

ಊಟದ ಚಿಂತೆ ಬೇಡ. ಮುಖ್ಯ ರೈಲ್ವೆ ನಿಲ್ದಾಣದ ಹತ್ತಿರ ಲಾಂಡ್‌ವೇರ್ ರಸ್ತೆಯ ಟರ್ಕಿಯವರ ಅಂಗಡಿಗಳಲ್ಲಿ ಬೇಳೆ, ಕೊತ್ತಂಬರಿ ಸೊಪ್ಪು, ಒಳ್ಳೆ ತರಕಾರಿ ಸಿಗುತ್ತವೆ. ದೋಸೆ ಹಿಟ್ಟು ಚಳಿಗೆ ಹುದುಗೋದಿಲ್ಲ, ರಾತ್ರಿ ಹೀಟರ್ ಪಕ್ಕ ಇಡಿ. ನಲ್ಲಿ ನೀರನ್ನೇ ಧಾರಾಳವಾಗಿ ಕುಡಿಯಬಹುದು. ಆದರೆ ಗಡಸು ನೀರು, ಕೆಟಲ್‌ನಲ್ಲಿ ಬಿಳಿ ಪದರ ಕಟ್ಟುತ್ತದೆ. ವಿನೆಗರ್ ಹಾಕಿ ಕುದಿಸಿದರೆ ಹೋಗುತ್ತದೆ. ಭಾನುವಾರ ಅಂಗಡಿಗಳೆಲ್ಲ ಬಂದ್, ಬೇರೆ ದಿನವೂ ರಾತ್ರಿ 8ಕ್ಕೆ ಬಾಗಿಲು. ಹಾಲು, ಮೊಸರು ಶನಿವಾರವೇ ತಂದಿಡಿ.

ಓದಿನ ಬಗ್ಗೆ ಒಂದೇ ಎಚ್ಚರಿಕೆ. ಕ್ಲಾಸಿಗೆ ಹೋದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಬಂತು ಅಂತಲ್ಲ. ಪರೀಕ್ಷೆಗೆ ನೀವೇ ಬೇರೆಯಾಗಿ ನೋಂದಾಯಿಸಬೇಕು. ಕೊನೆ ದಿನಾಂಕ ದಾಟಿದರೆ ಯಾರೂ ಫೋನ್ ಮಾಡಿ ನೆನಪಿಸೋದಿಲ್ಲ. ಅಂಕಗಳ ಲೆಕ್ಕವೂ ಇಲ್ಲಿ ತಿರುಗುಮುರುಗು: 1.0 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 4.0 ಅಂದರೆ ಹೇಗೋ ಪಾಸು, 5.0 ಅಂದರೆ ಫೇಲು. 1.3 ಬಂದಿದೆ ಅಂತ ಊರಿಗೆ ಫೋನ್ ಮಾಡುವ ಮುಂಚೆ ಅಪ್ಪ-ಅಮ್ಮನಿಗೆ ಇದನ್ನು ಬಿಡಿಸಿ ಹೇಳಿರಿ.