ಎಳೆದ ಲೋಹದೊಳಗಿನ ತೂತು: ಮೊದಲು ತೂಕ, ಆಮೇಲೆ ಮೈಕ್ರೋಸ್ಕೋಪು

ಬಿಸಿಯಲ್ಲಿ ಎಳೆದು ತುಂಡಾದ ಸ್ಯಾಂಪಲ್ಲನ್ನು ಫರ್ನೇಸಿನಿಂದ ತೆಗೆದ ಕೂಡಲೇ ಮೌಂಟ್ ಮಾಡಲಿಕ್ಕೆ, ಅಂದರೆ ಮೈಕ್ರೋಸ್ಕೋಪಿಗೆಂದು ಎಪಾಕ್ಸಿಯಲ್ಲಿ ಕೂರಿಸಲಿಕ್ಕೆ, ಹೋಗಬೇಡಿ. ಸುರತ್ಕಲ್‌ನ ನಮ್ಮ ಲ್ಯಾಬಿಗೆ ಬರುವ ಎಂ.ಟೆಕ್ ಮಕ್ಕಳಿಗೆ ನಾನು ಮೊದಲು ಹೇಳುವುದೇ ಇದನ್ನು. ಮೈಕ್ರೋಸ್ಕೋಪಿನಲ್ಲಿ ಕಪ್ಪಗೆ ಕಂಡದ್ದೆಲ್ಲ ಕ್ಯಾವಿಟಿ (ಎಳೆದಾಗ ಒಳಗೆ ಹುಟ್ಟುವ ತೂತು) ಅಲ್ಲ, ಕಾಣಲಿಲ್ಲ ಅಂದಮಾತ್ರಕ್ಕೆ ಕ್ಯಾವಿಟಿ ಇಲ್ಲವೆಂದೂ ಅಲ್ಲ.

ಸೂಪರ್‌ಪ್ಲಾಸ್ಟಿಕ್ ಆಗಿ, ಅಂದರೆ ಬಿಸಿಯಲ್ಲಿ ಮುರಿಯದೆ ತುಂಬ ಉದ್ದಕ್ಕೆ, ಹಿಗ್ಗುವಾಗ ಗ್ರೇನುಗಳು (ಒಳಗಿನ ಸಣ್ಣ ಹರಳುಗಳು) ಒಂದರ ಮೈಗೆ ಒಂದು ತಾಗಿಕೊಂಡು ಜಾರುತ್ತವೆ. ಲೋಹದಲ್ಲಿ ಅವು ಸಾಮಾನ್ಯವಾಗಿ 10 ಮೈಕ್ರಾನಿಗಿಂತ ಸಣ್ಣವು. ಜಾರಿದಲ್ಲಿ ಬಿಡುವ ಸಂದನ್ನು ಡಿಫ್ಯೂಷನ್‌ನಿಂದ ಬರುವ ಪರಮಾಣುಗಳು ತುಂಬಬೇಕು. ತುಂಬಲು ಪುರುಸೊತ್ತು ಸಿಗದಿದ್ದರೆ ಮೂರು ಗ್ರೇನು ಕೂಡುವ ಮೂಲೆಯಲ್ಲೋ, ಗ್ರೇನಿನ ಅಂಚಾದ ಬೌಂಡರಿಯಲ್ಲಿ ಕೂತ ಗಟ್ಟಿ ಕಣದ ಬದಿಯಲ್ಲೋ ತೂತು ಹುಟ್ಟುತ್ತದೆ. 7475, 5083 ಎಂಬ ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ ಈ ಕಾಟ ಜಾಸ್ತಿ. ವಿಮಾನಕ್ಕೆ ಬಳಸುವ ಟಿಐ-6ಎಎಲ್-4ವಿ ಟೈಟಾನಿಯಂನಲ್ಲಿ ತೀರ ಕಡಿಮೆ.

ಇನ್ನು ತೂಕ. ಸ್ಯಾಂಪಲ್ಲಿನ ಗ್ರಿಪ್ ಭಾಗವನ್ನು (ಮೆಷಿನ್ನು ಕಚ್ಚಿ ಹಿಡಿಯುವ ತುದಿಯನ್ನು) ಬಿಸಾಡಬೇಡಿ, ನಿಮಗೆ ಇರುವ ಆಧಾರವೇ ಅದು. ನಡುವೆ ಹಿಗ್ಗುವ ಭಾಗವಾದ ಗೇಜಿನ ಜೊತೆಗೇ ಅಷ್ಟೇ ಹೊತ್ತು ಅದೇ ಬಿಸಿ ತಿಂದಿದೆ, ಆದರೆ ಹಿಗ್ಗಿಲ್ಲ. ಎರಡರಿಂದಲೂ ತುಂಡು ಕೊಯ್ದು, ಎಮರಿ ಪೇಪರಿನಲ್ಲಿ ಮೇಲಿನ ಆಕ್ಸೈಡ್ ತೆಗೆದು, ಅಸಿಟೋನಿನಲ್ಲಿ ತೊಳೆದು ಒಣಗಿಸಿ. ಗಾಳಿಯಲ್ಲಿ ಒಮ್ಮೆ, ಡಿಸ್ಟಿಲ್ಡ್ ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿ. ಈ ಎರಡು ತೂಕಗಳಿಂದ ಗ್ರಿಪ್ಪು, ಗೇಜು ಒಂದೊಂದರ ಸಾಂದ್ರತೆ ಲೆಕ್ಕ ಹಾಕಿ. ಎರಡು ಸಾಂದ್ರತೆಗಳ ವ್ಯತ್ಯಾಸವನ್ನು ಗ್ರಿಪ್ಪಿನ ಸಾಂದ್ರತೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಕ್ಯಾವಿಟಿಯ ಶೇಕಡಾವಾರು ಬಂತು.

ಇಲ್ಲಿ ಅವಸರ ಮಾಡಿದರೆ ಕೆಟ್ಟಿತು. ಗೇಜಿನ ತುಂಡು 0.2 ಘನ ಸೆಂ.ಮೀ. ಇದ್ದರೆ, ಅದಕ್ಕೆ ಅಂಟಿಕೊಂಡ 1 ಮಿ.ಮೀ. ವ್ಯಾಸದ ಒಂದೇ ಒಂದು ಗಾಳಿಗುಳ್ಳೆ ಶೇ. 0.26ರಷ್ಟು ಇಲ್ಲದ ಕ್ಯಾವಿಟಿಯನ್ನು ತೋರಿಸುತ್ತದೆ. ನೀರಿಗೆ ಒಂದು ತೊಟ್ಟು ಲಿಕ್ವಿಡ್ ಸೋಪು ಹಾಕಿ, ತಂತಿಯ ಬುಟ್ಟಿಯನ್ನು ಮೆಲ್ಲ ತಟ್ಟಿ, ಟಾರ್ಚು ಹಿಡಿದು ನೋಡಿ. ನೀರಿನ ಉಷ್ಣತೆಯೂ ಮುಖ್ಯ. ಮಳೆಗಾಲದಲ್ಲಿ ಕರೆಂಟು ಹೋಗಿ ಎ.ಸಿ. ನಿಂತು ನೀರು 25ರಿಂದ 30 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ 0.9970ರಿಂದ 0.9957ಕ್ಕೆ ಇಳಿಯುತ್ತದೆ. ಹಾಗಾಗಿ ಗ್ರಿಪ್ಪು, ಗೇಜು ಎರಡನ್ನೂ ಒಂದರ ಬೆನ್ನಿಗೆ ಒಂದು, ಒಂದೇ ನೀರಿನಲ್ಲಿ ತೂಗಿ. ಮುರಿದ ತುದಿಯನ್ನು ಇದಕ್ಕೆ ಬಳಸಬೇಡಿ. ಅಲ್ಲಿ ಕ್ಯಾವಿಟಿಗಳು ಒಂದಕ್ಕೊಂದು ಕೂಡಿ ಹೊರಕ್ಕೆ ತೆರೆದಿರುತ್ತವೆ, ನೀರು ಒಳಗೆ ಹೋಗಿ ಲೆಕ್ಕ ಕಡಿಮೆ ಬರುತ್ತದೆ.

ಈಗ ಮೌಂಟಿಂಗ್. ಬಿಸಿ ಪ್ರೆಸ್ ಬೇಡ, ಕೋಲ್ಡ್ ಸೆಟ್ಟಿಂಗ್ ಎಪಾಕ್ಸಿ ಸಾಕು. ಎಳೆದ ದಿಕ್ಕಿಗೆ ಉದ್ದಕ್ಕೆ ಕೊಯ್ದ ಮುಖ ಮೇಲೆ ಬರಲಿ. ಅಲ್ಯೂಮಿನಿಯಂ ಮೆತ್ತಗೆ, ಪಾಲಿಶ್ ಮಾಡುವಾಗ ಸವರಿಕೊಂಡು ತೂತನ್ನು ಮುಚ್ಚಿಬಿಡುತ್ತದೆ. ಸ್ವಲ್ಪ ಎಚ್ ಮಾಡಿ (ಆಮ್ಲದಿಂದ ಮೇಲ್ಪದರ ತುಸು ಕರಗಿಸಿ), ಮತ್ತೆ ಪಾಲಿಶ್ ಮಾಡಿ, ಅಳೆದ ತೂತಿನ ಪ್ರಮಾಣ ಬದಲಾಗದೆ ನಿಲ್ಲುವವರೆಗೆ ಇದನ್ನೇ ಮಾಡಿ. ಕೊನೆಯ ಫೋಟೋ ಎಚ್ ಮಾಡದ ಮುಖದ್ದೇ ಇರಲಿ, ಯಾಕೆಂದರೆ ಎಚ್ ಹೆಚ್ಚಾದರೆ ತೂತು ಅಗಲವಾಗುತ್ತದೆ. ಎಚ್ ಮಾಡುವ ಕೆಲ್ಲರ್ ದ್ರಾವಣದಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಉಂಟು. ಫ್ಯೂಮ್ ಹುಡ್, ಗ್ಲೌಸು, ಆಮ್ಲ ತಾಗಿದರೆ ಹಚ್ಚಲು ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್, ಈ ಮೂರು ಇಲ್ಲದೆ ನಾನು ಯಾರಿಗೂ ಬಾಟಲಿ ಕೊಡುವುದಿಲ್ಲ.

ಪಾಲಿಶ್ ಆದದ್ದನ್ನು ರಾತ್ರಿ ಮೇಜಿನ ಮೇಲೆ ಬಿಟ್ಟು ಹೋಗಬೇಡಿ. ನಮ್ಮ ಕಡಲ ಗಾಳಿಯ ಉಪ್ಪು ಕೂತು ಪಿಟ್ಟಿಂಗ್ (ಸಣ್ಣ ಗುಂಡಿ ಬೀಳುವ ತುಕ್ಕು) ಶುರುವಾದರೆ, ಬೆಳಿಗ್ಗೆ ಅದು ಕ್ಯಾವಿಟಿಯ ಹಾಗೆಯೇ ಕಾಣುತ್ತದೆ. ಡೆಸಿಕೇಟರಿನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆಯಲ್ಲಿ) ಇಡಿ, ನೀಲಿ ಸಿಲಿಕಾ ಜೆಲ್ ಗುಲಾಬಿಯಾಗಿದ್ದರೆ ಮೊದಲು ಅದನ್ನು ಒಣಗಿಸಿ.

ಫೋಟೋದಲ್ಲಿ ತೂತು ಆವರಿಸಿದ ಜಾಗದ ಶೇಕಡಾವಾರನ್ನು ತೂಕದ ಲೆಕ್ಕದ ಪಕ್ಕ ಇಟ್ಟು ನೋಡಿ. ಫೋಟೋದ್ದು ತುಂಬ ಜಾಸ್ತಿ ಬಂದರೆ ಪಿಟ್ಟಿಂಗೋ ಕಣ ಕಿತ್ತುಹೋದದ್ದೋ ಸೇರಿದೆ. ತುಂಬ ಕಡಿಮೆ ಬಂದರೆ ಲೋಹ ಸವರಿ ಮುಚ್ಚಿದೆ.

ಮುರಿದ ತುದಿಯನ್ನು ಬರಿಗಣ್ಣಲ್ಲೇ ಓದಬಹುದು. ಸಪೂರವಾಗುತ್ತಾ ಹೋಗಿ ಚೂಪಾಗಿ ಬಿಟ್ಟಿದ್ದರೆ ನೆಕ್ಕಿಂಗ್. ದಪ್ಪ ಅಷ್ಟೇನೂ ಇಳಿಯದೆ ಅಡ್ಡಕ್ಕೆ ಕಡಿದುಹೋಗಿದ್ದರೆ ಕ್ಯಾವಿಟಿಗಳು ಕೂಡಿಕೊಂಡದ್ದು. ಇದಕ್ಕೆ ಮದ್ದೂ ಉಂಟು: ಶೀಟನ್ನು ಗ್ಯಾಸಿನಿಂದ ಉಬ್ಬಿಸುವಾಗ ಎದುರು ಬದಿಯಿಂದಲೂ ಫ್ಲೋ ಸ್ಟ್ರೆಸ್ಸಿನ (ಲೋಹ ಹಿಗ್ಗುತ್ತಾ ಹೋಗಲು ಬೇಕಾದ ಒತ್ತಡದ) ಆಸುಪಾಸಿನ ಒತ್ತಡ ಕೊಟ್ಟರೆ ತೂತು ಬೆಳೆಯುವುದು ಬಹಳ ಮಟ್ಟಿಗೆ ತಗ್ಗುತ್ತದೆ.

ಜಿರ್ಕೋನಿಯಾ ಬೇರೆಯೇ ಜಾತಿ, ಅದು ಲೋಹವಲ್ಲ, ಸೆರಾಮಿಕ್. ಯಿಟ್ರಿಯಾ ಸೇರಿಸಿದ ಜಿರ್ಕೋನಿಯಾ ಶೇ. 100ಕ್ಕಿಂತ ಹೆಚ್ಚು ಹಿಗ್ಗಿದ್ದನ್ನು 1986ರಲ್ಲಿ ಜಪಾನಿನಲ್ಲಿ ವಾಕೈ ತಂಡ ತೋರಿಸಿತು. ಗ್ರೇನು 1 ಮೈಕ್ರಾನೂ ಇರುವುದಿಲ್ಲ, ಎಸ್‌ಇಎಂ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪು) ಬೇಕೇ ಬೇಕು. ಡೈಮಂಡ್ ಪಾಲಿಶ್ ಮಾಡುವಾಗ ಗ್ರೇನು ಕಿತ್ತುಬಂದ ಗುಂಡಿಗೆ ಗ್ರೇನಿನದೇ ಅಳತೆ, ಚೂಪು ಅಂಚು. ಇನ್ನೊಂದು ಸುತ್ತು ಮೆಲ್ಲಗೆ ಪಾಲಿಶ್ ಮಾಡಿದರೆ ಅವು ಕಡಿಮೆಯಾಗುತ್ತವೆ, ನಿಜವಾದ ಕ್ಯಾವಿಟಿ ಕಡಿಮೆಯಾಗುವುದಿಲ್ಲ. ಥರ್ಮಲ್ ಎಚ್‌ಗೆ (ಬಿಸಿ ಮಾಡಿ ಗ್ರೇನಿನ ಅಂಚು ಎದ್ದು ಕಾಣಿಸುವುದಕ್ಕೆ) ಮುಂಚೆಯೇ ಫೋಟೋ ತೆಗೆಯಿರಿ, ಆ ಬಿಸಿಗೆ ಮೇಲ್ಮೈಯ ಸಣ್ಣ ತೂತುಗಳ ಆಕಾರ ಬದಲಾಗಬಹುದು. ಆಮೇಲೆ ದಿಕ್ಕು ನೋಡಿ. ಎಳೆದ ದಿಕ್ಕಿಗೆ ಅಡ್ಡಲಾಗಿ ಬಿರುಕಿನ ಹಾಗೆ ಕೂಡಿಕೊಂಡಿದ್ದರೆ ಆ ಸ್ಯಾಂಪಲ್ ಬೇಗ ಮುರಿದದ್ದು ಅದೇ ಕಾರಣಕ್ಕೆ. ಮುಂದಿನ ಟೆಸ್ಟಿನಲ್ಲಿ ಸ್ಟ್ರೇನ್ ರೇಟ್ (ಹಿಗ್ಗಿಸುವ ವೇಗ) ಇಳಿಸಿ ನೋಡಿ. ದಿಕ್ಕಿನ ಉದ್ದಕ್ಕೇ ಸಾಲಾಗಿದ್ದರೆ ಅಷ್ಟು ಗಾಬರಿ ಬೇಡ, ಅಂಥ ಸ್ಯಾಂಪಲ್ ತುಂಬ ತೂತು ಹೊತ್ತುಕೊಂಡೂ ಹಿಗ್ಗುತ್ತದೆ.